ಗೋಡೆ ಮ್ಯಾಲ ಯಾರ ಹೆಸರು?

ನಮ್ಮ ಕಡೆ ಈಗ ಹೊಸ ಹೋಟೆಲ್ ತೆಗೀಬೇಕಂದ್ರ ಅಡುಗೆಯವ ಸಿಗೋದಕ್ಕಿಂತ ಮೊದಲು ಮೂರು ಸಾಮಾನು ಬಂದು ಬೀಳಬೇಕು. ಒಂದು ಪ್ಲಾಸ್ಟಿಕ್ ಹುಲ್ಲಿನ ಗೋಡೆ, ಅದರ ಮ್ಯಾಲ ಇಂಗ್ಲಿಷಿನ್ಯಾಗ ಏನೋ ಒಂದು ಬರೆದ ನಿಯಾನ್ ದೀಪ, ಅದರ ಮುಂದ ಫೋಟೊ ತಕ್ಕೊಳ್ಳಾಕ ಒಂದು ಜೋಕಾಲಿ. ಚಿಕ್ಕೋಡಿಯಲ್ಲೂ ಅದೇ, ರಾಯಬಾಗದಲ್ಲೂ ಅದೇ, ಅಥಣಿಯಲ್ಲೂ ಅದೇ. ಕಣ್ಣು ಕಟ್ಟಿ ಒಳಗ ಕರಕೊಂಡು ಹೋಗಿ ಬಿಚ್ಚಿದ್ರ ಯಾವ ಊರಾಗ ಇದ್ದೀವಿ ಅಂತ ಹೇಳಾಕ ಆಗೂದಿಲ್ಲ. ಸೂರತ್ ಇರಬಹುದು, ಹುಬ್ಬಳ್ಳಿ ಇರಬಹುದು, ದುಬೈ ಕೂಡ ಇರಬಹುದು.

ಈ ಕೆಲಸಕ್ಕೆ ಉದ್ಯಮದ ಭಾಷೆಯಲ್ಲಿ ಒಂದು ದೊಡ್ಡ ಹೆಸರಿದೆ: ಬ್ರಾಂಡೆಡ್ ಎನ್ವಿರಾನ್‌ಮೆಂಟ್. ಒಳಗೆ ಕಾಲಿಟ್ಟ ಗಿರಾಕಿಗೆ ಬೋರ್ಡು ಓದದೆಯೇ ಇದು ಯಾರ ಅಂಗಡಿ ಅಂತ ಗೊತ್ತಾಗಬೇಕು. ಗೋಡೆ, ದೀಪ, ನೆಲ, ಬಣ್ಣ, ಮೇಲಿಂದ ಇಳಿಬಿಟ್ಟ ಕಲಾಕೃತಿ ಎಲ್ಲವೂ ಸೇರಿ ಅದನ್ನು ಹೇಳಬೇಕು. ಇಂಥದ್ದನ್ನು ದೊಡ್ಡ ಮಟ್ಟದಲ್ಲಿ ನೋಡಬೇಕು ಅಂದರೆ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ಹೋಗಿ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕಟ್ಟಡ ಅದು. ಬಿದಿರಿನ ಚಾವಣಿ, ಮೇಲಿಂದ ತೂಗುವ ಗಿಡಗಳು. ಉದ್ಯಾನನಗರಿ ಅನ್ನೋ ಮಾತನ್ನೇ ಕಟ್ಟಡ ಮಾಡಿಟ್ಟಿದ್ದಾರೆ. ಅದಕ್ಕೂ ಮೊದಲು, 2014ರಲ್ಲಿ, ಮುಂಬೈ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ನಲ್ಲಿ ರಾಜೀವ್ ಸೇಥಿ ದೇಶದ ಮೂಲೆಮೂಲೆಯ ಕುಶಲಕರ್ಮಿಗಳ ಸಾವಿರಾರು ಕೃತಿಗಳನ್ನು ಗೋಡೆಗೆ ಏರಿಸಿದರು.

ಅಷ್ಟು ದುಡ್ಡು ನಮ್ಮ ಹತ್ರ ಎಲ್ಲಿ ಐತಿ ಅಂತ ಕೇಳ್ತೀರಿ. ಇಲ್ಲ ಖರೆ. ಆದರೆ ಈ ಐದು ತಾಲ್ಲೂಕುಗಳಲ್ಲಿ ಹೋಟೆಲು, ಬಂಗಾರದ ಅಂಗಡಿ, ಕಲ್ಯಾಣ ಮಂಟಪ, ಸೌಹಾರ್ದ ಬ್ಯಾಂಕು, ಸಕ್ಕರೆ ಕಾರ್ಖಾನೆ ಆಫೀಸು ಏಳ್ತಾನೇ ಇವೆ. ಒಳಾಂಗಣಕ್ಕೆ ಎಲ್ಲರೂ ಖರ್ಚು ಮಾಡುತ್ತಲೇ ಇದ್ದಾರೆ. ಪ್ರಶ್ನೆ ಎಷ್ಟು ಖರ್ಚು ಅನ್ನೋದಲ್ಲ, ಯಾರಿಗೆ ಅನ್ನೋದು.

ಬಹಳ ಮಂದಿ ಈಗ ‘ಲೋಕಲ್ ಟಚ್ ಕೊಡ್ರಿ’ ಅಂತ ಕೇಳಾಕ ಶುರು ಮಾಡ್ಯಾರ. ಒಳ್ಳೇದು ಅಂತ ನನಗೆ ಮೊದಲು ಅನಿಸಿದ್ದಿಲ್ಲ, ಈಗಲೂ ಪೂರ್ತಿ ಅನಿಸೂದಿಲ್ಲ. ನಿಪ್ಪಾಣಿ ದಾಟಿ ಹೈವೇ ಹಿಡಿದು ಹೋದರೆ ಲೋಕಲ್ ಟಚ್ ಅಂದ್ರೆ ಏನು ಅಂತ ಕಾಣುತ್ತೆ. ಧಾಬಾ ಮುಂದೆ ಸಿಮೆಂಟಿನ ಎತ್ತು, ಸಿಮೆಂಟಿನ ಬಾವಿ, ಕೊಡ ಹೊತ್ತ ಸಿಮೆಂಟಿನ ಹೆಂಗಸು, ಪಟಕಾ ಸುತ್ತಿಕೊಂಡು ನಗುವ ಸಿಮೆಂಟಿನ ರೈತ. ಈ ಮಾದರಿ ಎಲ್ಲಿಂದ ಬಂತು ಅಂತ ನಮಗೆಲ್ಲ ಗೊತ್ತು. ಕೊಲ್ಹಾಪುರದ ಹತ್ತಿರ ಕಣೇರಿ ಮಠದ ಸಿದ್ಧಗಿರಿ ಮ್ಯೂಸಿಯಂಗೆ ಶಾಲೆ ಟ್ರಿಪ್ ಹೋಗದವರು ನಮ್ಮ ಕಡೆ ಕಡಿಮೆ. ಇದೇ ಹೈವೇಯಲ್ಲಿ ತೆಂಕಣಕ್ಕೆ ಹೋದರೆ ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಆ ಎರಡೂ ಕಡೆ ಮೂರ್ತಿಗಳ ಹಿಂದೆ ನೋಡಿದ ಕಣ್ಣು ಇದೆ. ಬಡಿಗ ಉಳಿ ಹಿಡಿಯೋ ರೀತಿ, ಮುದುಕಿ ಕೂಡೋ ರೀತಿ ಯಾರೋ ಗಮನಿಸಿದ್ದಾರೆ. ಧಾಬಾದ ಮೂರ್ತಿಗಳು ಅವುಗಳ ನಕಲಿನ ನಕಲು. ಎತ್ತಿಗೆ ನೊಗ ಎಲ್ಲಿ ಕೂಡತೈತಿ ಅಂತ ಅಚ್ಚು ಹುಯ್ದವನಿಗೆ ಗೊತ್ತಿರೋದಿಲ್ಲ.

ಆ ನಗುವ ರೈತನ ಬಗ್ಗೆ ಇನ್ನೊಂದು ಮಾತು. ನಿಪ್ಪಾಣಿ ತಂಬಾಕಿನ ಊರು. 1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಬೇಕು ಅಂತ ಸಾವಿರಾರು ರೈತರು ಇದೇ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕುಂತಿದ್ದರು. ಶರದ್ ಜೋಶಿ ಬಂದಿದ್ದರು. ಏಪ್ರಿಲ್ 6ರಂದು ಪೊಲೀಸರು ಗೋಲಿಬಾರ್ ಮಾಡಿದರು, ರೈತರು ಸತ್ತರು. ಮರುವರ್ಷ ಯುಗಾಂತರ ಎಂಬ ಮಹಿಳಾ ಚಿತ್ರ ತಂಡ ನಿಪ್ಪಾಣಿಯ ತಂಬಾಕು ಕಾರ್ಖಾನೆಯಲ್ಲಿ ದುಡಿಯೋ ಹೆಣ್ಣುಮಕ್ಕಳ ಮೇಲೆ, ಅವರ ಸಂಘಟನೆಯ ಮೇಲೆ ಸಾಕ್ಷ್ಯಚಿತ್ರ ಮಾಡಿತು. ಆ ತಂಡದಲ್ಲಿ ದೀಪಾ ಧನರಾಜ್ ಇದ್ದರು. ಇಷ್ಟೆಲ್ಲ ನಡೆದ ರಸ್ತೆ ಪಕ್ಕದಲ್ಲಿ ನಿಂತು ಸಿಮೆಂಟಿನ ರೈತ ಹಲ್ಲು ಕಿರಿಯುತ್ತಾನೆ. ಹೋಟೆಲಿನವರು ಗೋಲಿಬಾರಿನ ಚಿತ್ರ ಬರೆಸಬೇಕು ಅಂತ ನಾನು ಹೇಳ್ತಿಲ್ಲ. ಊಟಕ್ಕೆ ಬಂದವರಿಗೆ ಊಟ ಹಾಕಬೇಕು. ಆದರೆ ‘ನಮ್ಮ ಮಣ್ಣಿನ ಸೊಗಡು’ ಅಂತ ಬರೆದುಕೊಂಡ ಜಾಗದಲ್ಲಿ ಆ ಮಣ್ಣಿನ ನೆನಪು ಒಂದಿಷ್ಟಾದರೂ ಇರಬೇಕಲ್ಲ? ಅದು ಬ್ಯಾಡ ಅಂದ್ರ ಪ್ಲಾಸ್ಟಿಕ್ ಹುಲ್ಲೇ ವಾಸಿ. ಪ್ಲಾಸ್ಟಿಕ್ ಹುಲ್ಲು ನಾನು ಈ ಊರಿನವನು ಅಂತ ಸುಳ್ಳು ಹೇಳೂದಿಲ್ಲ.

ಈಗ ಅಥಣಿಗೆ ಬರೋಣ. ಈ ವಿಷಯ ನಿಜವಾಗಿ ಚುಚ್ಚೋದು ಅಲ್ಲೇ.

ಜಗತ್ತು ಕೊಲ್ಹಾಪುರಿ ಅಂತ ಕರೆಯೋ ಚಪ್ಪಲಿಯ ದೊಡ್ಡ ಪಾಲು ಅಥಣಿ ಮತ್ತು ಸುತ್ತಲಿನ ಸಮಗಾರರ ಮನೆಗಳಲ್ಲಿ ತಯಾರಾಗುತ್ತೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ತೊಗಲಿನದೇ ದಾರದಿಂದ ಹೊಲಿಗೆ. ಅಸಲಿ ಜೋಡಿನಲ್ಲಿ ಒಂದು ಮೊಳೆಯೂ ಇರೋದಿಲ್ಲ. ಗಂಡಸರು ಅಟ್ಟೆ ಕೊಯ್ದರೆ ಹೆಣೆಯೋ, ಹೊಲಿಯೋ ನಾಜೂಕು ಕೆಲಸದಲ್ಲಿ ಹೆಂಗಸರ ಕೈ ಹೆಚ್ಚು. ಮಾಡೋದು ಅಥಣಿಯಲ್ಲಿ, ಹೆಸರು ಮಾತ್ರ ಕೊಲ್ಹಾಪುರದ್ದು. 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆ ಸೇರಿದವು. ಗಡಿ ಬಗ್ಗೆ ಎಷ್ಟು ಜಗಳಾಡಿದರೂ ಚಪ್ಪಲಿ ಮಾತ್ರ ಎರಡೂ ಕಡೆ ಕಾಲಿಟ್ಟು ನಿಂತೈತಿ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಥೇಟ್ ಇಂಥದ್ದೇ ಚಪ್ಪಲಿ ಹಾಕಿಸಿ ಗಂಡಸರನ್ನು ನಡೆಸಿತು. ಎಲ್ಲಿಯ ಚಪ್ಪಲಿ, ಯಾರ ಕಲೆ, ಒಂದು ಮಾತಿಲ್ಲ. ಗದ್ದಲ ಎದ್ದ ಮೇಲೆ ಭಾರತದ ಕರಕುಶಲದಿಂದ ಪ್ರೇರಣೆ ಅಂತ ಒಪ್ಪಿಕೊಂಡಿತು. ಡಿಸೆಂಬರ್ ಹೊತ್ತಿಗೆ ನಮ್ಮ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಎರಡರ ಜೊತೆಗೂ ಒಪ್ಪಂದ ಆಯ್ತು. ಆಗ ನಮ್ಮ ಕಾಲೇಜು ವಾಟ್ಸಾಪ್ ಗ್ರೂಪುಗಳಲ್ಲೂ ಎಲ್ಲರೂ ಪ್ರಾಡಾವನ್ನು ಬೈದಿದ್ದೇ ಬೈದಿದ್ದು. ಬೈಯೋದು ಸರಿಯೇ. ಆದರೆ ನಮ್ಮದೇ ಊರಿನ ಶೋರೂಮಿನಲ್ಲಿ, ರೆಸಾರ್ಟಿನಲ್ಲಿ ಗೋಡೆಗೆ ನಾಲ್ಕು ಚಪ್ಪಲಿ ಚೌಕಟ್ಟು ಹಾಕಿ ತೂಗಿಸಿ, ಕೆಳಗೆ ಡಿಸೈನ್ ಕಂಪನಿಯ ಹೆಸರು ಹಾಕಿದಾಗ ಯಾರೂ ಕೇಳಲಿಲ್ಲ. ಪ್ರಾಡಾ ಮಾಡಿದ್ದಕ್ಕೂ ಇದಕ್ಕೂ ಫರಕು ದುಡ್ಡಿನ ಅಳತೆಯಲ್ಲಿ ಮಾತ್ರ.

ಚಪ್ಪಲಿ ತೂಗಿಸೋ ವಿಚಾರ ಬಂತಲ್ಲ, ಅದನ್ನೂ ನೋಡೋಣ. ಹೊರಗಿನ ಡಿಸೈನರ್ ಒಬ್ಬರು ಊಟದ ಮೇಜಿನ ಮೇಲೆ ನಾಲ್ಕುನೂರು ಚಪ್ಪಲಿ ಇಳಿಬಿಡೋಣ ಅಂದರೆ ನಮ್ಮ ಯಜಮಾನರು ‘ಏ ಬ್ಯಾಡ್ರಿ, ತಲಿ ಮ್ಯಾಲ ಚಪ್ಪಲಿ ಅಂದ್ರೇನು!’ ಅಂತ ಹೌಹಾರುತ್ತಾರೆ. ಹೌಹಾರಲಿ, ಅದು ನಮ್ಮ ನಡವಳಿಕೆ. ಆದರೆ ಚಪ್ಪಲಿಯನ್ನು ಮೇಜಿನ ಮೇಲೆ ತರಬಾರದು ಅನ್ನೋ ನಾಚಿಕೆಯ ಜೊತೆಗೇ, ಚಪ್ಪಲಿ ಮಾಡಿದವರನ್ನು ಆ ಮೇಜಿಗೆ ಕೂರಿಸಬಾರದು ಅನ್ನೋದೂ ಬಂದಿತ್ತಲ್ಲ. ಹನ್ನೆರಡನೇ ಶತಮಾನದ ಹರಳಯ್ಯನ ಹೆಸರು ಭಾಷಣದಲ್ಲಿ ಹೇಳುತ್ತೇವೆ. ಹರಳಯ್ಯನ ಕಸುಬಿನವರಿಗೆ ನಮ್ಮ ಕಟ್ಟಡದ ಡ್ರಾಯಿಂಗ್ ತೋರಿಸಿ ‘ಇಲ್ಲಿ ಏನು ಮಾಡಬಹುದು ಹೇಳ್ರಿ’ ಅಂತ ಎಂದಾದರೂ ಕೇಳಿದ್ದೇವಾ? ಕೇಳಿದರೆ ಅವರು ಚಪ್ಪಲಿ ತೂಗಿಸಿ ಅನ್ನೋದಿಲ್ಲ. ತೊಗಲಿನ ಹೆಣಿಗೆ ಐತಿ, ತೂತು ಕೊರೆದ ಚಿತ್ತಾರ ಐತಿ, ಪಟ್ಟಿ ಹೊಂದಿಸೋ ಲೆಕ್ಕ ಐತಿ. ಚಪ್ಪಲಿಯ ಆಕಾರ ಬಿಟ್ಟು ಆ ಕಲೆಯನ್ನಷ್ಟೇ ತಗೊಂಡರೆ ಬಾಗಿಲ ಪರದೆ, ರಿಸೆಪ್ಷನ್ ಮೇಜಿನ ಮುಖ, ದೀಪದ ಮುಸುಕು ಏನೆಲ್ಲ ಆಗಬಹುದು. ಅಥಣಿಯ ಹೆಣ್ಣುಮಕ್ಕಳ ತಂಡಗಳಿಗೆ ಹೊಸ ವಿನ್ಯಾಸ ಹೊಸದೇನಲ್ಲ. ಟೋ ಹೋಲ್ಡ್ ಹೆಸರಿನ ಕುಶಲಕರ್ಮಿಗಳ ಒಕ್ಕೂಟ ಅಥಣಿಯಿಂದಲೇ ಹೊರದೇಶಕ್ಕೆ ಚಪ್ಪಲಿ ಕಳಿಸಿದೆ. ಹೊರದೇಶದವರ ಆರ್ಡರಿಗೆ ತಕ್ಕಂತೆ ಮಾಡಿಕೊಟ್ಟವರಿಗೆ ಚಿಕ್ಕೋಡಿಯ ಹೋಟೆಲಿನ ಗೋಡೆ ಕಷ್ಟ ಆಗುತ್ತಾ?

ಇಷ್ಟರೊಳಗ ಒಬ್ಬ ಸಿವಿಲ್ ಗೆಳೆಯ ‘ಇದೆಲ್ಲ ಆರ್ಟ್ಸ್‌ನವರ ಮಾತು, ನಮಗೇನು ಸಂಬಂಧ’ ಅಂತಾನೆ. ಸಂಬಂಧ ಐತಿ ಮಾರಾಯ, ಲೆಕ್ಕ ಕೂಡ ಐತಿ, ತಗೋ.

ನಮ್ಮ ಕಲ್ಯಾಣ ಮಂಟಪ, ಹೋಟೆಲು ಎಲ್ಲದರಲ್ಲೂ ಗ್ರಾನೈಟ್ ನೆಲ, ಗಾಜು, ನುಣುಪು ಗೋಡೆ. ಒಳಗೆ ಹತ್ತು ಮಂದಿ ಮಾತಾಡಿದರೆ ನೂರು ಮಂದಿ ಗದ್ದಲ. ಪಕ್ಕದಲ್ಲಿ ಕುಂತವರ ಮಾತು ಕೇಳೋದಿಲ್ಲ. ಭೌತಶಾಸ್ತ್ರದಲ್ಲಿ ಓದಿದ ಸೇಬಿನ್ ಸೂತ್ರ ನೆನಪಿದೆಯಾ? ಪ್ರತಿಧ್ವನಿ ಉಳಿಯೋ ಕಾಲ ಅಂದರೆ 0.161 ಗುಣಿಸು ಕೋಣೆಯ ಘನ ಅಳತೆ, ಭಾಗಿಸು ಒಟ್ಟು ಹೀರಿಕೆ. 12 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಖಾಲಿ ಹಾಲ್ ತಗೊಳ್ಳೋಣ. ಘನ ಅಳತೆ 384, ನೆಲ, ಚಾವಣಿ, ಗೋಡೆ ಎಲ್ಲ ಸೇರಿ ಮೇಲ್ಮೈ 352 ಚದರ ಮೀಟರ್. ಈ ಗಟ್ಟಿ ಮೇಲ್ಮೈಗಳ ಸರಾಸರಿ ಹೀರಿಕೆ 0.04 ಅಂತ ಹಿಡಿದರೆ ಪ್ರತಿಧ್ವನಿ 4.4 ಸೆಕೆಂಡು ನಿಲ್ಲುತ್ತೆ. ಈಗ ಅದರಲ್ಲಿ 60 ಚದರ ಮೀಟರ್ ಗೋಡೆಗೆ ಉಣ್ಣೆಯ ಪ್ಯಾನಲ್ ಹಾಕಿ, ಹೀರಿಕೆ 0.4 ಅಂತ ಹಿಡಿಯಿರಿ. ಕಾಲ 1.7 ಸೆಕೆಂಡಿಗೆ ಇಳಿಯುತ್ತೆ.

ಆ ಉಣ್ಣೆ ಎಲ್ಲಿಂದ ತರೋದು? ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ಕುರಿ ಹಿಂಡು ಕಾಣದ ದಾರಿ ಇಲ್ಲ. ದಖನಿ ಕುರಿಯ ಒರಟು ಉಣ್ಣೆಗೆ ಈಗ ಬೆಲೆ ಇಲ್ಲ, ಕಂಬಳಿ ನೇಯೋರು ಕಡಿಮೆಯಾಗ್ತಿದ್ದಾರೆ. ಮೈಗೆ ಚುಚ್ಚುತ್ತೆ ಅಂತ ಹೊದೆಯೋರಿಲ್ಲ. ಗೋಡೆಗೇನು ಚುಚ್ಚೋದಿಲ್ಲವಲ್ಲ! ಸುಮ್ಮನೆ ಒಂದು ಕಂಬಳಿ ತಂದು ಗೋಡೆಗೆ ಅಂಟಿಸಿದರೆ ಮಾತ್ರ ಕೆಲಸ ಆಗೋದಿಲ್ಲ. ತೆಳು ಬಟ್ಟೆ ಗೋಡೆಗೆ ಒತ್ತಿಕೊಂಡಿದ್ದರೆ ಕೀರಲು ಧ್ವನಿಯನ್ನು ಸ್ವಲ್ಪ ಹೀರುತ್ತೆ, ಅಷ್ಟೇ. ಎರಡು ಮಡಿಕೆ ಬೇಕು, ಹಿಂದೆ ಒಂದೈವತ್ತು ಮಿಲಿಮೀಟರ್ ಗಾಳಿಯ ಜಾಗ ಬಿಟ್ಟು ಚೌಕಟ್ಟು ಕಟ್ಟಬೇಕು. ಕಂಬಳಿಗೆ ಹಾಕೋ ಹುಣಸೆ ಬೀಜದ ಗಂಜಿಯಿಂದ ಹೀರಿಕೆ ಎಷ್ಟು ಬದಲಾಗುತ್ತೆ, ಇದು ಅಳೆದು ನೋಡಬೇಕಾದ ವಿಷಯ. ನುಸಿ ಹಿಡಿಯದ ಹಾಗೆ ಏನು ಮಾಡಬೇಕು, ಧೂಳು ಹೇಗೆ ಝಾಡಿಸಬೇಕು, ಇವೂ ಇವೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಪ್ರತಿವರ್ಷ ಅದೇ ಲೈನ್ ಫಾಲೋವರ್ ರೋಬೋ ಮಾಡೋ ಬದಲು ಇದನ್ನು ಮಾಡಬಾರದಾ ಅಂತ ನನ್ನ ಪ್ರಶ್ನೆ. (ರೋಬೋ ಮಾಡಿದವರು ಸಿಟ್ಟಾಗಬ್ಯಾಡ್ರಿ.)

ಬೆಂಕಿಯ ಮಾತೂ ಬರಬೇಕು. ಪ್ಲಾಸ್ಟಿಕ್ ಹುಲ್ಲಿಗೆ ಕಿಡಿ ತಾಗಿದರೆ ಕರಗಿ ಉರಿಯುತ್ತಾ ತೊಟ್ಟಿಕ್ಕುತ್ತೆ, ಕಪ್ಪು ಹೊಗೆ ತುಂಬುತ್ತೆ. ಉಣ್ಣೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳೋದಿಲ್ಲ, ಹೊತ್ತಿದರೂ ತಾನಾಗಿ ಆರೋ ಗುಣ ಇದೆ. ಹಾಗಂತ ನಮ್ಮೂರದ್ದೆಲ್ಲ ಸುರಕ್ಷಿತ ಅಂತಲ್ಲ. ಬಿದಿರು, ತೆಂಗಿನ ಗರಿ, ಕಬ್ಬಿನ ರವದಿ ಹಾಕಿ ‘ಹಳ್ಳಿ ಲುಕ್’ ಕೊಟ್ಟ ಜಾಗದ ಪಕ್ಕದಲ್ಲೇ ತಂದೂರಿ ಒಲೆ ಇದ್ದರೆ ಏನಾಗಬಹುದು ಯೋಚಿಸಿ. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್ ಆವರಣದ ರೆಸ್ಟೊರೆಂಟುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಕಲಾಕೃತಿ ಚಂದ ಇದೆಯಾ ಅನ್ನೋದಕ್ಕಿಂತ ಮೊದಲು ಅದು ಬಾಗಿಲಿಗೆ ಅಡ್ಡ ಬರುತ್ತಾ ಅಂತ ನೋಡೋರು ನಾವೇ ಆಗಬೇಕು.

ನೀರಿನದೂ ಅಷ್ಟೇ. ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ನಮಗೆ 2005, 2019, 2021 ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ ಹೈವೇ ಮ್ಯಾಲೇ ಬಂದಿದ್ದಳು. ಆದರೂ ನದಿ ಊರಿನ ಅಂಗಡಿಯಲ್ಲಿ ನೆಲದಿಂದಲೇ ಎಂಡಿಎಫ್ ಹಲಗೆಯ ಅಲಂಕಾರ ಏಳಿಸ್ತಾರೆ. ಒಂದು ಸಲ ನೀರು ಕುಡಿದರೆ ಅದು ಹಪ್ಪಳದ ಹಾಗೆ ಉಬ್ಬಿ ಕಸಕ್ಕೆ ಹೋಗುತ್ತೆ. ಕಾಗವಾಡ, ಕುಡಚಿ ಕಡೆಯ ಅಂಗಡಿಕಾರರೊಬ್ಬರು ಮಹಾಪೂರದ ನೀರು ನಿಂತ ಮಟ್ಟಕ್ಕೆ ಹಿತ್ತಾಳೆಯ ಒಂದು ಪಟ್ಟಿ ಹೊಡೆಸಿ, ಅದರ ಕೆಳಗೆ ಕಲ್ಲು, ಮೇಲೆ ಮರ ಅಂತ ಇಟ್ಟರೆ ಅದಕ್ಕಿಂತ ಒಳ್ಳೆಯ ಇನ್‌ಸ್ಟಲೇಶನ್ ನನಗೆ ತೋಚೋದಿಲ್ಲ. ಬಂದ ಗಿರಾಕಿ ಆ ಗೆರೆ ನೋಡಿ ತನ್ನ ಮನೆಯಲ್ಲಿ ಎಷ್ಟು ನೀರಿತ್ತು ಅಂತ ಹೇಳಿಯೇ ಹೇಳ್ತಾನೆ. ವ್ಯಾಪಾರಕ್ಕೆ ಮಾತುಕತೆಗಿಂತ ಇನ್ನೇನು ಬೇಕು?

ಸಕ್ಕರೆ ಕಾರ್ಖಾನೆಗಳ ಬಗ್ಗೆ ಚುಟುಕಾಗಿ ಹೇಳ್ತೀನಿ. ಉಗಾರದ ಕಾರ್ಖಾನೆ 1939ರ ಕಾಲದ್ದು. ಅಂಥ ಹಳೇ ಕಾರ್ಖಾನೆಗಳಲ್ಲಿ ಸವೆದ ರೋಲರು, ಗಿಯರು ಗುಜರಿಗೆ ಹೋಗುತ್ತವೆ. ಹಲ್ಲು ಸವೆದ ಒಂದು ರೋಲರನ್ನು ಆಫೀಸಿನ ಮುಂದೆ ನಿಲ್ಲಿಸಿದರೆ ಫೈಬರ್ ಆನೆಗಿಂತ ನೂರು ಪಾಲು ಚಂದ. ತೂಕ ಟನ್‌ಗಟ್ಟಲೆ ಇರುವುದರಿಂದ ಅಡಿಪಾಯದ ಲೆಕ್ಕ ಸರಿಯಾಗಿ ಹಾಕಬೇಕು, ಅಷ್ಟೇ. ಪಕ್ಕದ ಫಲಕದಲ್ಲಿ ಚೇರ್ಮನ್ನರ ಹೆಸರಿನ ಜೊತೆ ಬರದ ಊರುಗಳಿಂದ ಬರೋ ಕಬ್ಬು ಕಡಿಯೋ ಗ್ಯಾಂಗಿನವರಿಗೂ ಒಂದು ಸಾಲು ಇರಲಿ.

ಈಗ ನಮ್ಮ ಕ್ಲಬ್ಬಿನವರಿಗೇ ಒಂದು ಮಾತು. 2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ ಅಂತ ಕಾನೂನಿಗೆ ತಿದ್ದುಪಡಿ ಆಯ್ತು. ಗಡಿ ತಾಲ್ಲೂಕಿನ ನಾವು ಅದನ್ನು ಸಂಭ್ರಮಿಸಿದೆವು. ಸರಿ. ಆದರೆ ಬೋರ್ಡಿನ ಮೇಲೆ ಶೇ. 60 ಕನ್ನಡ, ಬಾಗಿಲು ದಾಟಿದರೆ ಶೇ. 100 ಎಲ್ಲೂ ಇಲ್ಲದ ಊರು. ಅಕ್ಷರ ಎಣಿಸೋದು ಸುಲಭ, ಅದಕ್ಕೆ ಎಣಿಸ್ತೀವಿ. ಅಲ್ಲದೆ ಆ ಶೇ. 60 ಕನ್ನಡವನ್ನು ಬರೆದದ್ದಾದರೂ ಯಾರು? ಬ್ರಶ್ ಹಿಡಿದು ಬೋರ್ಡು ಬರೆಯೋ ಪೇಂಟರುಗಳನ್ನು ಫ್ಲೆಕ್ಸ್ ಮನೆಗೆ ಕಳಿಸಿತು. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ. ನಿಷೇಧ ಆಗಿದ್ದು ಗೊತ್ತಿಲ್ಲದವರ ಹಾಗೆ ನಾವು ರಾಜ್ಯೋತ್ಸವಕ್ಕೇ ಫ್ಲೆಕ್ಸ್ ಕಟ್ಟಿಸ್ತೀವಿ.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಈಗ ನಡೆಯೋದು ಹೀಗೆ: ಡಿಸೈನರಿಗೆ ಚದರಡಿ ಲೆಕ್ಕದಲ್ಲಿ ಫೀಸು, ಮಾಡಿದವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಚಿತ್ತಾರ ಅವರದ್ದು, ಹೆಣಿಗೆ ಅವರದ್ದು, ಆದರೂ ವಿನ್ಯಾಸ ಅನ್ನೋ ಕಾಲಮ್ಮಿನಲ್ಲಿ ಅವರ ಹೆಸರಿಲ್ಲ. ವಿನ್ಯಾಸದ ಫೀಸಿನಲ್ಲಿ ಅವರಿಗೆ ಪಾಲು ಇರಬೇಕು, ಕೂಲಿ ಬೇರೆ. ವರ್ಷಕ್ಕೊಮ್ಮೆ ಬಂದು ತೊಗಲಿಗೆ ಎಣ್ಣೆ ಹಚ್ಚಿ, ಬಿಚ್ಚಿದ ಹೊಲಿಗೆ ಹಾಕಿಕೊಡೋ ಕೆಲಸಕ್ಕೆ ಲಿಫ್ಟಿಗೆ, ಎಸಿಗೆ ಮಾಡೋ ಹಾಗೆ ಒಪ್ಪಂದ ಇರಬೇಕು. ಜಿಐ ಇದೆಯಲ್ಲ ಅನ್ನಬೇಡಿ. ಜಿಐ ಕೊಲ್ಹಾಪುರಿ ಅನ್ನೋ ಹೆಸರನ್ನು ಕಾಯುತ್ತೆ, ಹೊಟೇಲಿನ ಗೋಡೆಯ ಮೇಲೆ ಯಾರ ಕೈಯ ಹೆಣಿಗೆ ಇದೆ ಅನ್ನೋದನ್ನಲ್ಲ.

ಮಾರಿದ ಮೇಲೆ ಮಾಡಿದವರಿಗೆ ಏನು ಹಕ್ಕು ಅಂತ ಕೇಳೋರು ಅಮರನಾಥ್ ಸೆಹಗಲ್ ಅವರ ಪ್ರಕರಣ ಓದಬೇಕು. ದೆಹಲಿಯ ವಿಜ್ಞಾನ ಭವನಕ್ಕೆ ಅವರು ಮಾಡಿಕೊಟ್ಟ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಕೃತಿಯನ್ನು ಅವರಿಗೇ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ನು. ದುಡ್ಡು ಕೊಟ್ಟು ಕೊಂಡರೂ ಕಲಾವಿದನ ಹೆಸರು, ಮಾನ ಕೊಂಡಂಗಲ್ಲ ಅನ್ನೋದು ಅದರ ತಿರುಳು. ಸೆಹಗಲ್ ದೊಡ್ಡ ಕಲಾವಿದರು, ವಕೀಲರನ್ನು ಹಿಡಿಯೋ ಶಕ್ತಿ ಇತ್ತು. ಅಥಣಿಯ ಓಣಿಯಲ್ಲಿ ಕುಂತು ಹೊಲಿಯೋ ಅವ್ವ ಕೋರ್ಟಿಗೆ ಹೋಗೋದಿಲ್ಲ. ಅವಳ ಹೆಸರು ಡ್ರಾಯಿಂಗ್ ಶೀಟಿನ ಟೈಟಲ್ ಬ್ಲಾಕಿನಲ್ಲಿ ಇರಬೇಕಾದದ್ದು ಅದಕ್ಕೇ. ಆ ಶೀಟು ಬಿಡಿಸೋ ಕೆಲಸಕ್ಕೆ ನಾಳೆ ಸೇರೋರು ನಾವೇ.

ನಮ್ಮ ಕ್ಯಾಂಟೀನಿನ ಬಡಗಣ ಗೋಡೆ ಖಾಲಿ ಐತಿ, ಗದ್ದಲವೂ ಸಾಕಷ್ಟು ಐತಿ. ಈ ಸಲ ಫೆಸ್ಟಿನ ಫ್ಲೆಕ್ಸ್ ದುಡ್ಡು ಉಳಿಸಿ ಅಲ್ಲಿ ಎಂಟು ಕಂಬಳಿ ಪ್ಯಾನಲ್ ಹಾಕಿಸೋಣ ಅಂತ ಕ್ಲಬ್ಬಿಗೆ ಅರ್ಜಿ ಕೊಟ್ಟೀನಿ. ಮೊದಲು ಬಲೂನು ಒಡೆದು ಮೊಬೈಲಿನಲ್ಲಿ ಪ್ರತಿಧ್ವನಿ ರೆಕಾರ್ಡ್ ಮಾಡೋದು, ಹಾಕಿದ ಮೇಲೆ ಇನ್ನೊಮ್ಮೆ. ನೇಕಾರರ ಹತ್ರ ರೇಟು ಕೇಳಾಕ ರವಿವಾರ ಹೋಗೋದು. ಬರೋರು ಹೆಸರು ಕೊಡ್ರಿ, ಟೇಪ್ ಹಿಡಿಯಾಕ ಇನ್ನೊಬ್ಬರು ಬೇಕು.